ಬಲಗೈಯಿಂದ ಕೊಟ್ಟ ಎಳ್ಳು

ಈ ಸಂಕ್ರಾಂತಿಗೆ ಅಮ್ಮ ಎದುರು ಮನೆಗೆ ಎಳ್ಳು ಬೀರಲು ತಾವೇ ನಡೆದು ಹೋದರು. ಎಡಗೈಯಲ್ಲಿ ಊರುಗೋಲು, ಪೊಟ್ಟಣಗಳ ಚೀಲ ನನ್ನ ಕೈಯಲ್ಲಿ. ಕೊಟ್ಟಿದ್ದು ಮಾತ್ರ ಬಲಗೈಯಿಂದಲೇ.

ಅಮ್ಮನಿಗೆ ಸ್ಟ್ರೋಕ್ ಆಗಿ ಬಲಗೈ ಬಿದ್ದುಹೋದದ್ದು, ಆಸ್ಪತ್ರೆಯ ಓಡಾಟ ಎಲ್ಲ ನಿಮಗೆ ಗೊತ್ತೇ ಇದೆ. ಅದರ ನಂತರದ ತಿಂಗಳುಗಳ ಬಗ್ಗೆ ಹೇಳಬೇಕು.

ಮೊದಲ ಮೂರು ತಿಂಗಳು ಸುಧಾರಣೆ ಕಣ್ಣಿಗೆ ಕಾಣುತ್ತಿತ್ತು. ಆಮೇಲೆ ನಿಧಾನವಾಗುತ್ತದೆ, ಆದರೆ ನಿಲ್ಲುವುದಿಲ್ಲ ಎಂದು ಫಿಸಿಯೋ ಮೇಡಂ ಮೊದಲೇ ಹೇಳಿದ್ದರು. ಅಷ್ಟರಲ್ಲಿ ಅಮ್ಮನ ಮನಸ್ಸೇ ಸೋತಿತ್ತು. ಮಾತು ಕೇಳದ ಕೈಯನ್ನು ದಿನಾ ಎತ್ತು, ಇಳಿಸು ಎಂದರೆ ಎಪ್ಪತ್ತು ದಾಟಿದವರಿಗೆ ಯಾಕಪ್ಪಾ ಅನ್ನಿಸುತ್ತೆ ಅಲ್ವಾ? ಒಂದು ರಾತ್ರಿ ಊಟದ ತಟ್ಟೆ ದೂಡಿ, "ಅವತ್ತೇ ಹೋಗಿಬಿಟ್ಟಿದ್ರೆ ಚೆನ್ನಾಗಿತ್ತು" ಎಂದು ಗೋಡೆ ಕಡೆ ತಿರುಗಿ ಮಲಗಿದರು. ಆ ಮಾತು ನೆನೆದರೆ ಈಗಲೂ ನನಗೆ ಉಸಿರು ಕಟ್ಟುತ್ತದೆ.

ನಾಗಮಂಗಲದಿಂದ ಕೊನೆಯ ಬಸ್ಸು ಹತ್ತಿ ಬಂದವರು ನೀವು, ಚಿಕ್ಕಮ್ಮ. ಎಕ್ಸರ್‌ಸೈಸ್ ಮಾಡು ಅಂತ ಒಂದು ಸಲವೂ ಅನ್ನಲಿಲ್ಲ. ಅಮ್ಮನ ತಲೆಗೆ ಎಣ್ಣೆ ಹಚ್ಚುತ್ತಾ ಕೂತಿರಿ. ಅಳುವಷ್ಟು ಅಳಲು ಬಿಟ್ಟಿರಿ. ಯಾವಾಗಲೋ, "ಅಕ್ಕ, ನಿಂಗೇನು ಮಾಡ್ಬೇಕು ಅಂತ ಆಸೆ ಅದೆ, ಅಷ್ಟು ಹೇಳು" ಎಂದಿರಿ. ತುಂಬಾ ಹೊತ್ತಾದ ಮೇಲೆ ಅಮ್ಮ ಹೇಳಿದ್ದು ಇಷ್ಟೇ: "ಹಬ್ಬಕ್ಕೆ ಎಳ್ಳು ಬೀರ್ಬೇಕು. ಎಡಗೈಲಿ ಕೊಡಕ್ಕಾಗಲ್ಲ."

ಅದನ್ನೇ ಹಿಡಿದು ಮರುದಿನ ನೀವು ಡಾಕ್ಟರ ಹತ್ತಿರ ಕೂತಿರಿ. ಸ್ಟ್ರೋಕ್ ಆದವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ, ಅದು ಹಟವೂ ಅಲ್ಲ, ಸೋಮಾರಿತನವೂ ಅಲ್ಲ, ಚಿಕಿತ್ಸೆ ಇದೆ ಎಂದು ಅವರು ಮಾತ್ರೆ ಬರೆದರು. ಫಿಸಿಯೋ ಮೇಡಂ ಅಭ್ಯಾಸವನ್ನೇ ಬದಲಿಸಿದರು. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿದರೆ ಮಿದುಳು ಹೊಸದಾಗಿ ಕಲಿಯುತ್ತದೆ. ಅದು ಅಮ್ಮನಿಗೆ ಬೇಕಾದ ಕೆಲಸವೇ ಆಗಿರಲಿ ಎಂದರು. ಪೊಟ್ಟಣ ಹಿಡಿಯುವುದು, ಕೈ ಚಾಚುವುದು, ಬೆರಳು ಬಿಡಿಸುವುದು. ಬಿಡಿಸುವುದೇ ಎಲ್ಲಕ್ಕಿಂತ ಕಷ್ಟವಿತ್ತು.

ಅವರೆಕಾಯಿ ಕಾಲ ಬಂತು. ನೆನೆಸಿದ ಕಾಳಿನ ಪಾತ್ರೆಯನ್ನು ಅಮ್ಮನ ಮುಂದಿಟ್ಟು, "ಅಕ್ಕ, ನಂಗೊಬ್ಳಿಗೇ ಹಿತುಕಕ್ಕಾಗಲ್ಲ" ಎಂದಿರಿ. ಹೆಬ್ಬೆರಳು, ತೋರುಬೆರಳು ಸೇರಿಸಿ ಒತ್ತಬೇಕಾದ ಕೆಲಸ ಅದು. ಮೊದಮೊದಲು ಒಂದೆರಡು ಕಾಳು. ಹಬ್ಬದ ಹೊತ್ತಿಗೆ ಮನೆಮಂದಿಯ ಸಾರಿಗೆ ಆಗುವಷ್ಟು. ಕಾಯಿಲೆ ಬಿದ್ದ ಮೇಲೆ ಅಮ್ಮನನ್ನೇ ಸಹಾಯ ಕೇಳಿದವರು ಈ ಮನೆಯಲ್ಲಿ ನೀವೊಬ್ಬರೇ. ಚಿಕ್ಕಮ್ಮ, ನನಗೆ ಅಮ್ಮನನ್ನು ಉಳಿಸಿಕೊಟ್ಟವರು ನೀವು.

ಬಿದ್ದ ಕೈಯನ್ನು ಹಿಡಿದು ಎಳೆಯಬಾರದು, ಭುಜ ಜಾರುತ್ತೆ ಎಂದು ನಮಗೆಲ್ಲ ಕಲಿಸಿದ ಫಿಸಿಯೋ ಮೇಡಂ, ಔಷಧಿ ತಂದುಕೊಟ್ಟ ತಮ್ಮನ ಗೆಳೆಯರು, ಕೇಳಿದಾಗೆಲ್ಲ ರಜೆ ಕೊಟ್ಟ ಆಫೀಸಿನವರು, ಸಂಜೆ ಅಮ್ಮನ ಜೊತೆ ಹೆಜ್ಜೆ ಹಾಕಿದ ಎದುರು ಮನೆಯವರು, ಎಲ್ಲರಿಗೂ ಮನಸಾರೆ ಧನ್ಯವಾದ.

ಇನ್ನು ಮೆಟ್ಟಿಲು ಹತ್ತುವ ಅಭ್ಯಾಸ ಶುರುವಾಗುತ್ತದೆ. ತಾರಸಿಯ ತುಳಸಿಗೆ ತಾವೇ ನೀರು ಹಾಕಬೇಕಂತೆ. ನೋಡಲು ಬರುವವರು ದಯವಿಟ್ಟು ಸಂಜೆ ಐದರ ಮೇಲೆ ಬನ್ನಿ. ಬೆಳಿಗ್ಗೆ ಅಮ್ಮನ ಅಭ್ಯಾಸದ ಹೊತ್ತು.