ಎಸ್‌ಬಿ 554 ಬಗ್ಗೆ, ಆರೆಗಾನ್‌ನಲ್ಲಿರೋ ಎಲ್ಲರೂ ಓದಿ

ನಮಸ್ಕಾರ ಎಲ್ರಿಗೂ, ಅಮೆರಿಕದ ಆರೆಗಾನ್ ರಾಜ್ಯದ 2021ರ ಬಂದೂಕಿನ ಬಿಲ್ ಎಸ್‌ಬಿ (ಸೆನೆಟ್ ಬಿಲ್) 554 ಮಾರ್ಚ್ 25ಕ್ಕೆ ರಾಜ್ಯದ ಮೇಲ್ಮನೆ ಸೆನೆಟ್‌ನಲ್ಲಿ ಪಾಸಾಯ್ತು, ಆಮೇಲೆ ಕೆಳಮನೆ ಹೌಸ್‌ನಲ್ಲಿ ತಿದ್ದುಪಡಿ ಆಗಿ ಅದೇ ವರ್ಷ ಕಾನೂನಾಯ್ತು. ಗನ್ ನಮ್ಮ ಹತೋಟೀಲಿ ಇಲ್ದಾಗ ಟ್ರಿಗರ್ ಲಾಕೋ ಕೇಬಲ್ ಲಾಕೋ (ಗನ್ ಹಾರಿಸೋಕೆ ಆಗದಂಗೆ ಹಾಕೋ ಬೀಗ) ಹಾಕಿರ್ಬೇಕು, ಇಲ್ಲಾ ಬೀಗ ಹಾಕಿದ ಪೆಟ್ಟಿಗೇಲಿ ಇಟ್ಟಿರ್ಬೇಕು, ಕಳವಾದ್ರೆ 72 ಗಂಟೆ ಒಳಗೆ ಪೊಲೀಸ್ರಿಗೆ ಹೇಳ್ಬೇಕು. ಕೇಳೋಕೆ ಚೆನ್ನಾಗೇ ಇದೆ, ಮಕ್ಕಳಿರೋ ಮನೆಯವ್ರು ನಾವೆಲ್ಲ ಸೇಫಲ್ಲೇ ಇಡ್ತೀವಿ, ಅದನ್ನ ಯಾರೂ ಹೇಳ್ಕೊಡ್ಬೇಕಾಗಿಲ್ಲ.

ನಂಗೆ ಸಿಟ್ಟು ಬರೋದು ಮುಂದಿನ ಭಾಗಕ್ಕೆ. ಲಾಕ್ ಇಲ್ದೆ ಇಟ್ಟಿದ್ದ ಗನ್ ಕದ್ದು ಎರಡು ವರ್ಷದೊಳಗೆ ಅದರಿಂದ ಯಾರಿಗಾದ್ರೂ ಗಾಯ ಆದ್ರೆ ಹೊಣೆ ಮಾಲೀಕನ ತಲೆಗೆ ಬರತ್ತೆ. ಹಂಗಿದ್ಮೇಲೆ ಮನೆಗೆ ಕಳ್ಳ ನುಗ್ಗಿದ್ದವ್ನು ಸ್ಟೇಷನ್‌ಗೆ ಹೋಗಿ ಹೇಳೋಕೆ ಹೆದರಲ್ವಾ, ರಿಪೋರ್ಟ್ ಕೊಟ್ರೆ ತಪ್ಪು ತಾನೇ ಬರ್ಕೊಟ್ಟಂಗೆ ಆಗತ್ತೆ! ಅದೂ ಅಲ್ದೆ ಕಳವು ಗೊತ್ತಾಗ್ಬೇಕಿತ್ತು ಅನ್ನೋ ಹೊತ್ತಿಂದ್ಲೂ ಗಂಟೆ ಎಣಿಸಬಹುದು, ಇಂಡಿಯಾಗೆ ಹೋಗಿ ತಿಂಗಳು ಬಿಟ್ಟು ಬಂದವ್ರ ಕಥೆ ಏನು?

ಈ ಕಾನೂನನ್ನ ಬದಲಾಯಿಸಿ ಅಂತ ನಿಮ್ಮ ಏರಿಯಾ ರೆಪ್ರೆಸೆಂಟೇಟಿವ್‌ಗೆ (ಹೌಸ್ ಸದಸ್ಯರಿಗೆ) ಈ ವಾರಾನೇ ಇಮೇಲ್ ಹಾಕಿ. ಬಿಲ್ ನಂಬರ್ ಬರೀರಿ, ಕಾಪಿ ಪೇಸ್ಟ್ ಬೇಡ, ಬೈಗುಳ ಅಂತೂ ಬೇಡ್ವೇ ಬೇಡ. ಗ್ರೀನ್ ಕಾರ್ಡ್‌ನವ್ರೂ ಬರೀಬಹುದು. ಕಳಿಸಿದವ್ರು ಇಲ್ಲೊಂದು ಮೆಸೇಜ್ ಹಾಕಿ.