ಕಲ್ಲು ತರಿಸುವ ಫೋಟೋ

ಪ್ರೀತಿಯ ಮಾರಾಯ,

ಮಂಗಳೂರಿನ ಹತ್ತಿರದ ಸೋಮೇಶ್ವರ ಉಚ್ಚಿಲದಲ್ಲಿ ಕಡಲ್ಕೊರೆತ ತೋರಿಸಲು ನಾನು ತೆಗೆದ ಆ ತೆಂಗಿನ ಮರದ ಫೋಟೋಕ್ಕೆ ನೀನು ಬರೆದದ್ದು ಓದಿದೆ. "ಇಂಥದ್ದು ಇನ್ನೂ ನಾಲ್ಕು ಹಾಕು, ಜನ ಎಚ್ಚರ ಆಗಲಿ" ಎಂದಿದ್ದೀಯ. ಖುಷಿಯಾಯಿತು. ಆದರೆ ಉತ್ತರ ಕೊಡುವುದಕ್ಕೆ ಕೈ ಬರಲಿಲ್ಲ. ಈಗ ಎಲ್ಲರಿಗೂ ಕಾಣುವ ಹಾಗೆಯೇ ಬರೆಯುತ್ತಿದ್ದೇನೆ. ಆ ಫೋಟೋ ಹಂಚಿಕೊಂಡವರೂ ಇದನ್ನು ಓದಲಿ ಎಂದು ಆಸೆ. ಹೆದರಬೇಡ, ನಮ್ಮಿಬ್ಬರ ಹಳೆಯ ತಕರಾರು, ಆ ಕಳೆದುಹೋದ ಹಸಿರು ಕೊಡೆಯ ಕಥೆ ಇದರಲ್ಲಿ ಬರುವುದಿಲ್ಲ.

ಅಂದು ಲೆನ್ಸ್ ಒರೆಸುತ್ತಾ ನಿಂತಿದ್ದಾಗ ಪಕ್ಕದ ಮನೆಯ ಅಜ್ಜಿಯೊಬ್ಬರು ಕೇಳಿದರು, "ಫೋಟೋ ತೆಗೆದ್ರೆ ಕಲ್ಲು ಬರ್ತದಾ?"

ಅವರು ಕೇಳಿದ್ದು ಸರಿಯೇ. ಇಲ್ಲಿ ಪ್ರತಿ ಮಳೆಗಾಲ ಆಗುವುದು ಅದೇ. ಅಲೆ ಹೊಡೆಯುತ್ತದೆ, ಗೋಡೆ ಬಿರುಕು ಬಿಡುತ್ತದೆ, ಪೇಪರಿನಲ್ಲಿ ಫೋಟೋ ಬರುತ್ತದೆ, ಕಾರುಗಳು ಬರುತ್ತವೆ. ಆಮೇಲೆ ಅಲೆಗೆ ಅಡ್ಡ ಹಾಕಲು ಟಿಪ್ಪರಿನಲ್ಲಿ ಕಲ್ಲು ಬರುತ್ತದೆ.

ನನ್ನ ಫೋಟೋ ಮತ್ತೆ ತೆಗೆದು ನೋಡಿದೆ. ತೆಂಗಿನ ಮರ ಬಿಟ್ಟರೆ ಅದರಲ್ಲಿ ಇರುವುದು ಎರಡೇ. ಅಲೆ ಮತ್ತು ಮನೆ. ನೋಡಿದವರಿಗೆ ತೋಚುವ ಉಪಾಯವೂ ಒಂದೇ, ನಡುವೆ ಕಲ್ಲು ಹಾಕು. ಕಲ್ಲಿಗೆ ಬಡಿದ ಅಲೆ ವಾಪಸು ಹೋಗುವಾಗ ಎದುರಿನ ಮರಳನ್ನು ಎಳೆದುಕೊಂಡು ಹೋಗುತ್ತದೆ. ಕಲ್ಲಿನ ಸಾಲು ಮುಗಿಯುವಲ್ಲಿ, ಪಕ್ಕದವರ ಜಾಗದಲ್ಲಿ, ಕೊರೆತ ಜೋರಾಗುತ್ತದೆ. ಮುಂದಿನ ವರ್ಷ ಅವರ ಮನೆಯ ಫೋಟೋ. ದಡದಲ್ಲೇ ನಿಂತು ಕೈರಂಪಣಿ ಬಲೆ ಎಳೆಯುವವರಿಗೆ ಕಾಲೂರಲು ಮರಳೇ ಉಳಿಯುವುದಿಲ್ಲ. ನಾಡದೋಣಿ ಎಳೆದು ಹಾಕಲೂ ಜಾಗ ಇಲ್ಲ. ಕಲ್ಲು ಬೇಡವೇ ಬೇಡ ಎನ್ನುವ ಧೈರ್ಯ ನನಗಿಲ್ಲ. ಇವತ್ತು ರಾತ್ರಿ ಮನೆ ಬೀಳುವುದಿದ್ದರೆ ನಾನೂ ಕಲ್ಲನ್ನೇ ಕೇಳಿಯೇನು. ಆದರೆ ಕಲ್ಲು ಒಂದೇ ಉತ್ತರ ಎನ್ನುವಂತೆ ಫೋಟೋ ತೆಗೆಯುವುದು ನನಗೆ ಸರಿ ಕಾಣುತ್ತಿಲ್ಲ.

ಯಾಕೆಂದರೆ ಮರಳಿನ ಕಥೆ ಶುರುವಾಗುವುದು ಕಡಲಿನಲ್ಲಿ ಅಲ್ಲ. ಅದರಲ್ಲಿ ಬಹುಪಾಲು ಹೊಳೆ ತಂದದ್ದು. ಘಟ್ಟದಿಂದ ಇಳಿದ ನೇತ್ರಾವತಿ ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು ಬರುತ್ತದೆ. ದಾರಿಯಲ್ಲಿ ತುಂಬೆಯ ಅಣೆಕಟ್ಟಿದೆ. ಮಂಗಳೂರು ಕುಡಿಯುವುದು ಅದೇ ನೀರು, ನಾನೂ ಕುಡಿಯುತ್ತೇನೆ. ಅಣೆಕಟ್ಟಿನ ಹಿಂದೆ ಮರಳು ನಿಲ್ಲುತ್ತದೆ. ನಿಲ್ಲದೆ ಬಂದದ್ದನ್ನು ದೋಣಿ, ಲಾರಿಗಳಲ್ಲಿ ತುಂಬಿಸುತ್ತಾರೆ. ನಮ್ಮ ಮನೆಗಳೂ ಅದರಿಂದಲೇ ಎದ್ದವು. ಮೇಲೆ ಘಟ್ಟದಲ್ಲಿ, ನೇತ್ರಾವತಿಗೇ ಹರಿದು ಬರುವ ಎತ್ತಿನಹೊಳೆಯಿಂದ 24 ಟಿಎಂಸಿ ನೀರು ಪೂರ್ವಕ್ಕೆ ತಿರುಗಿಸುವ ಯೋಜನೆ. ಕೊನೆಗೆ ಹೊಳೆ ಕಡಲು ಸೇರುವ ಅಳಿವೆ ಬಾಗಿಲು. ಅಲ್ಲಿ ಗುರುಪುರ ಹೊಳೆಯೂ ಸೇರುತ್ತದೆ. ದೋಣಿಗಳ ದಾರಿ ಹೂಳಬಾರದೆಂದು ಎರಡೂ ಕಡೆ ಕಡಲೊಳಗೆ ಕಲ್ಲಿನ ತಡೆ ಕಟ್ಟಿದ್ದಾರೆ. ಉತ್ತರಕ್ಕೆ ಬೆಂಗ್ರೆಯ ಕಡೆ ಮರಳು ಕೂತಿತು, ದಕ್ಷಿಣಕ್ಕೆ ಉಳ್ಳಾಲದ ಕಡೆ ಕೊರೆಯಿತು. ಇಷ್ಟೂ ನಡೆದದ್ದು ನನ್ನ ಬೆನ್ನ ಹಿಂದೆ. ನನ್ನ ಕ್ಯಾಮೆರಾ ಮಾತ್ರ ಅಲೆಯನ್ನೇ ನೋಡುತ್ತಿತ್ತು. ಪಾಪ, ಕಡಲಿನ ಮೇಲೆ ದೂರು.

ಚೆನ್ನೈನ ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರದವರು ಉಪಗ್ರಹದ ಚಿತ್ರಗಳನ್ನು ಒಂದರ ಪಕ್ಕ ಒಂದಿಟ್ಟು 1990ರಿಂದ 2018ರವರೆಗಿನ ಬದಲಾವಣೆ ಅಳೆದರು. ಭಾರತದ ಕಡಲತೀರದ 33.6 ಶೇಕಡಾ ಕೊರೆತಕ್ಕೆ ಸಿಕ್ಕಿದೆ. ದಕ್ಷಿಣ ಕನ್ನಡದಲ್ಲಿ ಸುಮಾರು ಅರ್ಧ. ಉಪಗ್ರಹದ ಚಿತ್ರಗಳನ್ನು ಯಾರೂ ಗೋಡೆಗೆ ತೂಗು ಹಾಕುವುದಿಲ್ಲ. ಆದರೂ ಅವು ಹೇಳಿದ್ದನ್ನು ನನ್ನ ತೆಂಗಿನ ಮರ ಹೇಳಲಾರದು. ಒಂದೇ ಜಾಗ, ಮತ್ತೆ ಮತ್ತೆ, ತಾರೀಕಿನ ಸಮೇತ. ಮಳೆಗಾಲದಲ್ಲಿ ಹೋದ ಮರಳು ಎಷ್ಟು, ಬೇಸಗೆಗೆ ವಾಪಸು ಬಂದದ್ದೆಷ್ಟು ಎಂಬುದು ಹಾಗೆ ನೋಡಿದರೆ ಮಾತ್ರ ಗೊತ್ತಾಗುವುದು.

ಮುಂದಿನದನ್ನು ಬರೆಯಬೇಕು ಅಂದುಕೊಂಡಿರಲಿಲ್ಲ. ರೆಡ್ ಅಲರ್ಟ್ ಅಂದ ಕೂಡಲೇ ನಾನು ಬ್ಯಾಟರಿ ಚಾರ್ಜಿಗೆ ಇಡುತ್ತೇನೆ. ಅದೇ ಹೊತ್ತಿಗೆ ಆ ಅಜ್ಜಿ ರೇಷನ್ ಕಾರ್ಡು, ಜಾಗದ ಕಾಗದಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕಟ್ಟುತ್ತಿರುತ್ತಾರೆ. ಅಲೆ ಸಣ್ಣದಾಗಿ ಬಂದು ಹೋದರೆ ಅವರಿಗೆ ಜೀವ ಬಂದ ಹಾಗೆ. ನನಗೆ ಒಳಗೆಲ್ಲೋ ಸಪ್ಪೆ. ಅರ್ಥವಾಯಿತಾ? ಕಡಲತೀರ ಉಳಿಯಲಿ ಎಂದು ಫೋಟೋ ತೆಗೆಯುವವನೊಳಗೆ ಇನ್ನೂ ಸ್ವಲ್ಪ ದೊಡ್ಡ ಅಲೆ ಬರಲಿ ಎನ್ನುವವನೂ ಕೂತಿದ್ದಾನೆ. ಅವನನ್ನು ಕಂಡರೆ ನನಗೆ ಭಯ. ಮನೆಯಲ್ಲಿ ಯಾರಿಗೂ ಹೇಳಿಲ್ಲ. ನಿನಗೆ ಹೇಳಲು ಹೋಗಿ ಊರಿಗೇ ಹೇಳಿಬಿಟ್ಟೆ.

ಇರಲಿ, ಮಾರಾಯ. ನೀನು ಫೋನ್ ಮಾಡಿ ಭಾಷಣ ಬಿಗಿಯುವ ಮೊದಲು ಕೆಲಸದ ಮಾತು.

ಸಿಡ್ನಿಯಲ್ಲಿ 2017ರಲ್ಲಿ ಕೋಸ್ಟ್‌ಸ್ನ್ಯಾಪ್ ಎಂದು ಒಂದು ಕೆಲಸ ಶುರುವಾಯಿತು. ಕಡಲತೀರ ಕಾಣುವ ಜಾಗದಲ್ಲಿ ಒಂದು ಸ್ಟೀಲಿನ ಸ್ಟ್ಯಾಂಡ್. ಹೋಗುವವರು ಬರುವವರು ಅದರಲ್ಲಿ ಮೊಬೈಲ್ ಇಟ್ಟು ಒಂದು ಫೋಟೋ ತೆಗೆದು ಕಳಿಸುತ್ತಾರೆ. ಯಾರು ತೆಗೆದರೂ ಚೌಕಟ್ಟು ಒಂದೇ. ಸಮಯ ಗೊತ್ತಿದ್ದರೆ ಆ ಹೊತ್ತಿನ ಉಬ್ಬರ ಇಳಿತ ಲೆಕ್ಕ ಹಾಕಿ, ದಡ ಎಲ್ಲಿದೆ ಎಂದು ಗುರುತಿಸಬಹುದು. ಅದು ಈಗ ಬೇರೆ ದೇಶಗಳಿಗೂ ಹೋಗಿದೆ. ನಮಗೆ ಸದ್ಯ ಮೂರು ಸಾಕು. ಉಳ್ಳಾಲದಲ್ಲಿ ಕಡಲಿಗೆ ಮುಖ ಮಾಡಿ ಒಂದು. ಶಾಂಭವಿ, ನಂದಿನಿ ಕಡಲು ಸೇರುವ ಸಸಿಹಿತ್ಲುವಿನಲ್ಲಿ ಒಂದು. ಅಲ್ಲಿಯ ಮರಳ ದಿಬ್ಬ ನಿಂತಲ್ಲಿ ನಿಲ್ಲುವುದಿಲ್ಲ, ಸುಮ್ನೆ ನೋಡುತ್ತಾ ಕೂರಬೇಕು ಅನಿಸುತ್ತದೆ. ಮೂರನೆಯದು ನೇತ್ರಾವತಿಯ ದಡದಲ್ಲಿ, ಹೊಳೆಗೆ ಮುಖ ಮಾಡಿ. ಅದು ಬೇಕೇ ಬೇಕು. ಉಳಿದೆರಡಕ್ಕೆ ದುಡ್ಡು ಸಾಲದಿದ್ದರೂ ಅದೊಂದನ್ನು ಹಾಕೋಣ.

ಪೀಣ್ಯದಲ್ಲಿ ದಿನವಿಡೀ ವೆಲ್ಡಿಂಗ್ ಮಾಡಿಸುವವನು ನೀನು. ಅಳತೆ ಕಳಿಸುತ್ತೇನೆ. ಸ್ಟೀಲು ಉಪ್ಪಿಗೆ ತಡೆಯುವ 316 ನಂಬರಿನದೇ ಆಗಬೇಕು, ಮಾಮೂಲಿ 304 ಬೇಡ. ಇಲ್ಲಿಯ ಉಪ್ಪುಗಾಳಿ ನಿನಗೆ ಗೊತ್ತಲ್ವಾ? ಅಂಚು ಉಜ್ಜಿಸು, ಮಕ್ಕಳ ಕೈ ಕುಯ್ಯಬಾರದು. ಪಂಚಾಯತು, ಅನುಮತಿ ಎಲ್ಲ ನಾನು ಓಡಾಡುತ್ತೇನೆ. ಖರ್ಚು ಅರ್ಧರ್ಧ.

ಜುಲೈ 31ಕ್ಕೆ ಮೀನು ಹಿಡಿಯುವ ಟ್ರಾಲ್ ದೋಣಿಗಳ ಮಳೆಗಾಲದ ರಜೆ ಮುಗಿಯುತ್ತದೆ. ಆಗಸ್ಟಿನಲ್ಲೇ ಬಾ, ಸ್ಟ್ಯಾಂಡ್ ಕಾರಿನಲ್ಲೇ ಹಾಕಿಕೊಂಡು. ಕಾಣೆ ಮೀನಿನ ಫ್ರೈ ನನ್ನ ಲೆಕ್ಕ. ಹಂಪನಕಟ್ಟೆಯ ಬೊಂಡದ (ಎಳನೀರಿನ) ದುಡ್ಡು ಮಾತ್ರ ನೀನೇ ಕೊಡಬೇಕು, ಅದರಲ್ಲಿ ರಾಜಿ ಇಲ್ಲ.

ನಿನ್ನ,
ಕೊಡೆ ಕಳಕೊಂಡವನಲ್ಲದವನು