ಮಾನ್ಯ ಶಾಸಕರೇ, ನಾನು ಸ್ಲ್ಯಾಬ್ ಹಾಕಿದ ಕಟ್ಟಡವನ್ನು ಒಡೆಯಬೇಡಿ

ಮಾನ್ಯ ಶಾಸಕರಿಗೆ, ಮಡಿಕೇರಿಯ ಒಬ್ಬ ಗಾರೆ ಮೇಸ್ತ್ರಿ ಮಾಡುವ ನಮಸ್ಕಾರಗಳು.

ನಮ್ಮ ರಸ್ತೆಯ ತಿರುವಿನಲ್ಲಿರುವ ಮೂರು ಅಂತಸ್ತಿನ ಸರ್ಕಾರಿ ಕಟ್ಟಡ ತಮಗೆ ಗೊತ್ತು. ಅಲ್ಲಿದ್ದ ಇಲಾಖೆ ಹೊಸ ಕಟ್ಟಡಕ್ಕೆ ಹೋಗಿ ಆರು ವರ್ಷವಾಯಿತು. ಅಂದಿನಿಂದ ಬೀಗ. ಕಳೆದ ತಿಂಗಳು ಗೇಟಿಗೆ ಒಂದು ಕಾಗದ ಅಂಟಿಸಿದ್ದಾರೆ: ಕಟ್ಟಡ ಶಿಥಿಲಗೊಂಡಿದೆ, ನೆಲಸಮ ಮಾಡಲು ಟೆಂಡರ್ ಕರೆಯಲಾಗಿದೆ ಅಂತ. ಅದನ್ನು ಒಡೆಯಬೇಡಿ, ಮನೆಗಳನ್ನಾಗಿ ಮಾಡಿ ನಮ್ಮಂಥವರಿಗೆ ಬಾಡಿಗೆಗೆ ಕೊಡಿ ಎಂದು ಮೂರು ಅರ್ಜಿ ಕೊಟ್ಟೆ. ಮೂರಕ್ಕೂ ಸೀಲು ಬಿದ್ದಿದೆ, ಒಂದಕ್ಕೂ ಉತ್ತರ ಬಂದಿಲ್ಲ. ಅದಕ್ಕೇ ಈ ಬಹಿರಂಗ ಪತ್ರ.

ಶಿಥಿಲ ಎಂದು ಬರೆದವರು ಆ ಕಟ್ಟಡದ ಒಳಗೆ ಹೋಗಿದ್ದರೋ ಇಲ್ಲವೋ, ನಾನು ಹೋಗಿದ್ದೇನೆ. 1994ರ ಬೇಸಿಗೆಯಲ್ಲಿ ಅದರ ಎರಡನೇ ಅಂತಸ್ತಿನ ಸ್ಲ್ಯಾಬ್ ಹಾಕುವಾಗ ನಾನು ಅಲ್ಲಿ ಕೈಯಾಳು. ಬೆಳಗ್ಗೆ ಐದಕ್ಕೆ ಮಿಕ್ಸರ್ ಶುರು ಮಾಡಿದವರು ರಾತ್ರಿ ಹನ್ನೊಂದರವರೆಗೆ ನಿಲ್ಲಿಸಲಿಲ್ಲ. ಹೆಂಗಸರು ಮೆಟ್ಟಿಲಿನ ಉದ್ದಕ್ಕೂ ಸಾಲಾಗಿ ನಿಂತು ಬಾಂಡ್ಲಿ ದಾಟಿಸಿದರು. ನಡುವೆ ನಿಂತರೆ ಜಾಯಿಂಟ್ ಬೀಳುತ್ತದೆ, ಮುಂದೆ ಅಲ್ಲೇ ನೀರು ಇಳಿಯುತ್ತದೆ ಎಂದು ನಮ್ಮ ಹಿರಿಯ ಮೇಸ್ತ್ರಿ ಯಾರನ್ನೂ ಊಟಕ್ಕೆ ಒಟ್ಟಿಗೆ ಬಿಡಲಿಲ್ಲ. ಒಂದೊಂದು ಪಿಲ್ಲರಿನಲ್ಲೂ ಇಪ್ಪತ್ತು ಎಂಎಂನ ಎಂಟು ಕಂಬಿ ಇದೆ. ಕಟ್ಟಿದವನು ನಾನೇ, ಲೆಕ್ಕ ಮರೆತಿಲ್ಲ. 2018ರ ಆಗಸ್ಟಿನ ಮಳೆ, ಭೂಕುಸಿತದಲ್ಲಿ ಊರಿನ ಎಷ್ಟೋ ಗೋಡೆಗಳು ಬಾಯಿ ಬಿಟ್ಟವು. ಆ ಕಟ್ಟಡದ ಒಂದು ಬೀಮಿಗೂ ಏನೂ ಆಗಲಿಲ್ಲ.

ನನ್ನ ಮನೆಗೆ ಆಯಿತು. ಹಿಂದಿನ ಬರೆ, ಅಂದರೆ ಗುಡ್ಡ ಕಡಿದ ಮಣ್ಣಿನ ಗೋಡೆ, ಜರಿದು ಅಡುಗೆಮನೆ ಮಣ್ಣಿನಡಿ ಹೋಯಿತು. ಆದರೆ ಅದು ಬಾಡಿಗೆ ಮನೆ. ಕಳೆದುಕೊಂಡವರು ಎಂದರೆ ಮಾಲೀಕರು, ನಾವಲ್ಲ. ಕರ್ಣಂಗೇರಿ, ಮದೆ, ಜಂಬೂರಿನಲ್ಲಿ ಸಂತ್ರಸ್ತರಿಗೆ ಮನೆ ಕಟ್ಟಿಕೊಟ್ಟಾಗ ಪಟ್ಟಿಯಲ್ಲಿ ನಮ್ಮ ಹೆಸರು ಇರಲಿಲ್ಲ. ಅಂದಿನಿಂದ ನಾಲ್ಕು ಮನೆ ಬದಲಿಸಿದ್ದೇವೆ. ಕೊನೆಯ ಎರಡನ್ನು ಬಿಡಿಸಿದ್ದು ಹೋಂಸ್ಟೇ ಮಾಡಲಿಕ್ಕೆ. ನಾನು ತಿಂಗಳಿಗೆ ಕೊಡುವುದನ್ನು ಪ್ರವಾಸಿಗರು ಎರಡು ವಾರಾಂತ್ಯದಲ್ಲಿ ಕೊಟ್ಟು ಹೋಗುತ್ತಾರೆ. ಮಾಲೀಕರನ್ನು ದೂರಿ ಏನು ಮಾಡಲಿ?

ಈಗಿರುವುದು ಶೀಟಿನ ಎರಡು ಕೋಣೆ. ಕಳೆದ ಕಕ್ಕಡದ, ಅಂದರೆ ನಮ್ಮ ಕೊಡಗಿನ ಜಡಿಮಳೆಯ ತಿಂಗಳ, ಒಂದು ರಾತ್ರಿ ಗಾಳಿಗೆ ಮೂರು ಶೀಟು ಎದ್ದು ಹೋದವು. ಎಂಬತ್ತೆರಡು ವರ್ಷದ ನನ್ನ ಅವ್ವನನ್ನು ಕಂಬಳಿಯಲ್ಲಿ ಸುತ್ತಿ, ಮಗಳು ತನ್ನ ಪುಸ್ತಕಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಿಡಿದುಕೊಂಡು, ನಾವು ನಾಲ್ವರೂ ಓಡಿದ್ದು ಅದೇ ಕಟ್ಟಡದ ಪೋರ್ಟಿಕೋಗೆ. ಕಾವಲುಗಾರ ಒಳ್ಳೆಯ ಮನುಷ್ಯ. ತಾನು ಕೂರುವ ಕುರ್ಚಿಯನ್ನೇ ಅವ್ವನಿಗೆ ಕೊಟ್ಟ, ಫ್ಲಾಸ್ಕಿನ ಕಾಫಿ ಕೊಟ್ಟ. ಬಾಗಿಲು ತೆಗೆಯಬಹುದಾ ಎಂದು ಸಾಹೇಬರಿಗೆ ಫೋನು ಮಾಡಿದ. ಆ ಕಡೆಯಿಂದ ಬಂದ ಮಾತು ನನಗೂ ಕೇಳಿಸಿತು: "ಒಳಗೆ ಬಿಟ್ಟರೆ ಮತ್ತೆ ಎಬ್ಬಿಸೋದು ಯಾರು? ಮೊದಲು ಕಳಿಸು." ಅವನು ಫೋನು ಇಟ್ಟು ನಮ್ಮ ಮುಖ ನೋಡಲಿಲ್ಲ. ನಾವು ಬೆಳಗಿನ ಜಾವದವರೆಗೆ ಪೋರ್ಟಿಕೋದಲ್ಲೇ ಗೋಡೆಗೆ ಒರಗಿ ಕೂತೆವು. ಬೆನ್ನ ಹಿಂದೆ ಮೂರು ಅಂತಸ್ತು, ಒಣ ನೆಲ, ಖಾಲಿ. ಅವ್ವ ಗೋಡೆ ಮುಟ್ಟಿ ನೋಡಿ, "ಇದು ನೀನು ಕಟ್ಟಿದ್ದಲ್ಲವಾ?" ಎಂದಳು. ಅಲ್ಲ ಎನ್ನಲೂ ಆಗಲಿಲ್ಲ, ಹೌದು ಎನ್ನಲೂ ಆಗಲಿಲ್ಲ.

ಸ್ವಾಮಿ, ಸಾಹೇಬರ ಆ ಮಾತನ್ನು ನಾನು ಇನ್ನೂ ನುಂಗಿಕೊಂಡಿಲ್ಲ. ನಾವು ಜಾಗ ಕಬಳಿಸಲು ಬಂದವರಲ್ಲ. ಬಾಡಿಗೆ ಕೊಡುತ್ತೇವೆ. ಒಡೆಯಬೇಡಿ, ಮನೆ ಮಾಡಿ ಕೊಡಿ.

ಆಫೀಸನ್ನು ಮನೆ ಮಾಡಲು ಆಗುತ್ತದಾ ಎಂದು ಕೇಳುವವರಿಗೆ ನನ್ನ ಕಸುಬಿನ ಉತ್ತರ ಇದೆ. ಅದು ಪಿಲ್ಲರ್, ಬೀಮಿನ ಮೇಲೆ ನಿಂತ ಕಟ್ಟಡ. ನಡುವಿನ ಇಟ್ಟಿಗೆ ಗೋಡೆಗಳು ಭಾರ ಹೊತ್ತಿಲ್ಲ, ಬೇಕಾದಲ್ಲಿ ತೆಗೆದು ಬೇಕಾದಲ್ಲಿ ಕಟ್ಟಬಹುದು. ಸಿವಿಲ್ ಡಿಪ್ಲೊಮಾ ಓದುತ್ತಿರುವ ಮಗಳು ಕಟ್ಟಡ ಎಷ್ಟು ಭಾರ ಹೊರಬೇಕೆಂದು ಹೇಳುವ ಭಾರತೀಯ ಮಾನಕ ಐ.ಎಸ್. 875 ತೆರೆದು ತೋರಿಸಿದಳು: ಮನೆಯ ಕೋಣೆಗಳ ಸ್ಲ್ಯಾಬನ್ನು ಚದರ ಮೀಟರಿಗೆ ಸುಮಾರು 200 ಕೆಜಿ ಭಾರಕ್ಕೆ ಲೆಕ್ಕ ಹಾಕುತ್ತಾರೆ, ಕಚೇರಿಯದನ್ನು 250ರಿಂದ 400 ಕೆಜಿಗೆ. ಕಡತದ ಬೀರುಗಳನ್ನು ಹೊತ್ತ ಸ್ಲ್ಯಾಬಿಗೆ ಮಂಚ, ಪಾತ್ರೆ ಭಾರವಾಗುವುದಿಲ್ಲ. ಕಷ್ಟ ಇರುವುದು ನೀರಿನ ಕೆಲಸದಲ್ಲಿ. ಶೌಚಾಲಯಗಳೆಲ್ಲ ಅಂತಸ್ತಿನ ಒಂದೇ ತುದಿಯಲ್ಲಿವೆ. ಪ್ರತಿ ಮನೆಗೂ ಬಚ್ಚಲು ಬೇಕೆಂದರೆ ಹಿಂಬದಿಯ ಗೋಡೆಗುಂಟ ಹೊರಗಿನಿಂದ ಪೈಪ್ ಇಳಿಸಬೇಕು, ಬಚ್ಚಲಿನ ನೆಲವನ್ನು ಒಂಬತ್ತು ಇಂಚು ಎತ್ತಿ ವಾಟರ್‌ಪ್ರೂಫ್ ಮಾಡಬೇಕು, ಸೆಪ್ಟಿಕ್ ಟ್ಯಾಂಕ್ ದೊಡ್ಡದು ಮಾಡಬೇಕು. ಮಧ್ಯದ ಕೋಣೆಗಳಿಗೆ ಬೆಳಕು ಕಡಿಮೆ, ಅಲ್ಲಿ ಓಡಾಡುವ ದಾರಿ ಬಿಟ್ಟು ಮನೆಗಳನ್ನು ಕಿಟಕಿಯ ಕಡೆ ಇಡಬೇಕು. ತಾರಸಿ ಸೋರುತ್ತದೆ, ಸುಳ್ಳು ಹೇಳುವುದಿಲ್ಲ. ಅದಕ್ಕೆ ಮಡಿಕೇರಿಯಲ್ಲಿ ಎಲ್ಲರೂ ಮಾಡುವುದನ್ನೇ ಮಾಡಿ, ಮೇಲೆ ಕಬ್ಬಿಣದ ಚೌಕಟ್ಟು (ಟ್ರಸ್) ಕೂರಿಸಿ ಶೀಟು ಹಾಕಿ. ಅಂತಸ್ತಿಗೆ ನಾಲ್ಕರಂತೆ ಹನ್ನೆರಡು ಮನೆ ಆಗುತ್ತವೆ. ನಾನು ಹೆಜ್ಜೆ ಅಳೆದು ಹಾಕಿದ ಲೆಕ್ಕ ಇದು, ಎಂಜಿನಿಯರರು ಟೇಪು ಹಿಡಿದು ಹಾಕಲಿ.

ಒಡೆದರೆ ಏನಾಗುತ್ತದೆ? ಸಾವಿರಾರು ಬಾಂಡ್ಲಿ ಕಾಂಕ್ರೀಟ್ ಲಾರಿ ಹತ್ತುತ್ತದೆ. ಅದನ್ನು ಎಲ್ಲಿ ಸುರಿಯಬೇಕು, ಎಲ್ಲಿ ಸುರಿಯಬಾರದು ಎಂದು ಕಟ್ಟಡ ತ್ಯಾಜ್ಯ ನಿಯಮ ಹೇಳುವುದು ತಮಗೆ ತಿಳಿದೇ ಇದೆ. ರಾತ್ರಿ ಲಾರಿಗಳು ಯಾವ ಇಳಿಜಾರಿಗೆ ಹೋಗುತ್ತವೆ ಎಂಬುದು ನಮಗೆ ತಿಳಿದಿದೆ. ಮತ್ತೆ ಬಡವರಿಗೆ ಮನೆ ಎಂದು ಊರ ಹೊರಗೆ ಜಾಗ ಹುಡುಕುತ್ತೀರಿ. ನಮ್ಮಲ್ಲಿ ಸಮತಟ್ಟು ಜಾಗ ಎಲ್ಲಿದೆ? ಜೆಸಿಬಿ ತಂದು ಗುಡ್ಡ ಕಡಿಯಬೇಕು. 2018ರ ನಂತರ ಬಂದು ನೋಡಿದ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಮಳೆಯ ಜೊತೆಗೆ ಗುಡ್ಡ ಕಡಿದದ್ದನ್ನೂ ಕಾರಣವಾಗಿ ಹೇಳಿದ್ದರು. ಆ ವರ್ಷ ಗುಡ್ಡ ಕುಸಿದ ಮಕ್ಕಂದೂರು, ಜೋಡುಪಾಲದ ಜನ ಇನ್ನೂ ಮಳೆಗಾಲದಲ್ಲಿ ಸರಿಯಾಗಿ ನಿದ್ದೆ ಮಾಡುವುದಿಲ್ಲ. ಮೂವತ್ತು ವರ್ಷದಿಂದ ಕದಲದೆ ನಿಂತ ನೆಲ, ಅದರ ಮೇಲೆ ಗಟ್ಟಿ ಕಟ್ಟಡ, ಮುಂದೆ ರಸ್ತೆ, ಕರೆಂಟು, ನೀರು ಎಲ್ಲ ಇರುವಾಗ ಇನ್ನೊಂದು ಬರೆ ಯಾಕೆ ಕಡಿಯಬೇಕು? ಜಗತ್ತಿನ ಇಂಗಾಲದ ಹೊಗೆಯಲ್ಲಿ ಶೇ. 7–8ರಷ್ಟು ಸಿಮೆಂಟಿನದೇ ಅಂತೆ, ಅದೂ ಮಗಳು ಹೇಳಿದ್ದು. ಮಳೆ ದಾರಿ ತಪ್ಪಿದ್ದನ್ನು ನೋಡಿದ ನಮಗೆ ಅದು ದೂರದ ಮಾತಲ್ಲ.

ಬೇರೆಯವರು ಮಾಡಿದ್ದಾರೆ. ಕೆನಡಾದ ಕ್ಯಾಲ್ಗರಿ ನಗರ 2021ರಿಂದ ಖಾಲಿ ಕಚೇರಿಗಳನ್ನು ಮನೆ ಮಾಡುವವರಿಗೆ ಚದರ ಅಡಿ ಲೆಕ್ಕದಲ್ಲಿ ಹಣ ಕೊಟ್ಟಿದೆ. ನಮ್ಮ ಕೇಂದ್ರ ಸರ್ಕಾರವೇ 2020ರಲ್ಲಿ ಖಾಲಿ ಬಿದ್ದ ಸರ್ಕಾರಿ ಮನೆಗಳನ್ನು ವಲಸೆ ಕಾರ್ಮಿಕರಿಗೆ, ಬಡವರಿಗೆ ಬಾಡಿಗೆಗೆ ಕೊಡುವ ಯೋಜನೆ ತಂದಿತ್ತು. ಖಾಲಿ ಮನೆಗೆ ದಾರಿ ಹುಡುಕಿದವರು ಖಾಲಿ ಕಚೇರಿಗೂ ಹುಡುಕಬಹುದು.

ಶಿಥಿಲ ಎನ್ನುವುದನ್ನು ಕಣ್ಣಂದಾಜಿನಲ್ಲಿ ಬರೆಯಬೇಡಿ. ಕಾಂಕ್ರೀಟಿನ ಗಟ್ಟಿತನ ಅಳೆಯುವ ರಿಬೌಂಡ್ ಹ್ಯಾಮರ್ ಹೊಡೆಸಿ, ಕಾಂಕ್ರೀಟ್ ಕೊರೆದು ತುಂಡು (ಕೋರ್) ತೆಗೆಸಿ ಪರೀಕ್ಷೆ ಮಾಡಿಸಿ, ಕಂಬಿಗೆ ತುಕ್ಕು ಎಷ್ಟು ಹಿಡಿದಿದೆ ನೋಡಿಸಿ. ಕಾಂಕ್ರೀಟ್ ನಿಜಕ್ಕೂ ಸತ್ತಿದೆ ಎಂದು ವರದಿ ಬಂದರೆ ನಾನು ಬಾಯಿ ಮುಚ್ಚುತ್ತೇನೆ. ಆದರೆ ವರದಿ ಬರುವವರೆಗೆ ಆ ಟೆಂಡರ್ ನಿಲ್ಲಿಸಿ. ಒಡೆಯಬೇಡಿ.

ತಾವು ಬರುವ ದಿನ ತಿಳಿಸಿ, ಬೀಗದ ಕೈ ತರಿಸಿ. ನಾನು ಸುತ್ತಿಗೆ, ಉಳಿ ಹಿಡಿದು ಗೇಟಿನ ಬಳಿ ನಿಂತಿರುತ್ತೇನೆ. ತಾವು ಯಾವ ಪಿಲ್ಲರ್ ತೋರಿಸಿದರೂ ಅದರ ಗಾರೆ ಕೆತ್ತಿ ಕಂಬಿ ತೋರಿಸುತ್ತೇನೆ. ಎಂಟೂ ಇರುತ್ತವೆ.

ಇಂತಿ,
ಒಬ್ಬ ಗಾರೆ ಮೇಸ್ತ್ರಿ
ಮಡಿಕೇರಿ